ಅಮೆರಿಕದ ಮಸಲ್ ಕಾರುಗಳ ಮೂಲಸ್ವರೂಪವಿಚಾರ

ಅಮೆರಿಕಾ ಸಂಯುಕ್ತಸಂಸ್ಥಾನಗಳಲ್ಲಿ 1964ರಿಂದ 1974ರ ವರೆಗೆ ತಯಾರಾದ, ಮಸಲ್ ಕಾರುಗಳೆಂದು ಹೆಸರಾದ ಮೋಟಾರು ವಾಹನಗಳನ್ನು ಜೀರ್ಣೋದ್ಧಾರ ಮಾಡುವ ಆಸಕ್ತಿಯು ಆ ದೇಶದಲ್ಲಿ ಕೆಲವು ದಶಕಗಳಿಂದ ಬಹಳವಾಗಿ ಬೆಳೆದುಬಂದಿದೆ. ಈ ಆಸಕ್ತರಲ್ಲಿ ಎರಡು ಪಕ್ಷಗಳುಂಟು. ವಾಹನವು ಕಾರ್ಖಾನೆಯ ಬಾಗಿಲನ್ನು ದಾಟಿದ ದಿನ ಹೇಗಿದ್ದಿತೋ ಹಾಗೆಯೇ ಅದನ್ನು ಮರಳಿ ನಿಲ್ಲಿಸಬೇಕು, ಒಂದು ತಿರುಪುಮೊಳೆಯೂ ಬೇರೆಯಾಗಬಾರದು ಎಂಬುದು ಒಂದು ಪಕ್ಷ. ಹಳೆಯ ಒಡಲನ್ನು ಮಾತ್ರ ಉಳಿಸಿಕೊಂಡು ಎಂಜಿನ್, ಬ್ರೇಕು, ಚಕ್ರ ಮೊದಲಾದುವನ್ನು ಈ ಕಾಲಕ್ಕೆ ತಕ್ಕಂತೆ ಮಾರ್ಪಡಿಸುವುದರಲ್ಲಿ ದೋಷವಿಲ್ಲವೆಂಬುದು ಇನ್ನೊಂದು ಪಕ್ಷ. ಮೇಲ್ನೋಟಕ್ಕೆ ಇದು ಹವ್ಯಾಸಿಗಳ ಕಲಹ. ಆದರೆ ಇದರೊಳಗೆ ಅಡಗಿರುವ ಪ್ರಶ್ನೆಯು ಪ್ರಾಚೀನ ಗ್ರಂಥಗಳನ್ನು ಸಂಪಾದಿಸುವವರಿಗೆ ಅಪರಿಚಿತವಾದುದಲ್ಲ. ಮೂಲವೆಂದರೆ ಯಾವುದು? ಕರ್ತೃವಿನ ಕೈ ಬಿಟ್ಟ ಕ್ಷಣದ ರೂಪವೇ? ಬಳಸಿದವರ ಕೈಯಲ್ಲಿ ಪಳಗಿ ಬೆಳೆದ ರೂಪವೇ? ಈ ವಾಹನಗಳ ಚರಿತ್ರೆಯನ್ನು ಆದಿಯಿಂದ ನೋಡಿದರೆ, ಮೂಲರೂಪವಾದಿಗಳು ಎಷ್ಟು ನಿಶ್ಚಯದಿಂದ ಒಂದು ಮೊದಲನೆಯ ದಿನವನ್ನು ಬೊಟ್ಟುಮಾಡಿ ತೋರಿಸುವರೋ ಅಷ್ಟು ನಿಶ್ಚಿತವಾದ ದಿನವೇ ಅನೇಕ ವಾಹನಗಳಿಗೆ ಇರಲಿಲ್ಲವೆಂದು ತಿಳಿದುಬರುತ್ತದೆ.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನ ಮಸಲ್ ಎಂಬ ಶಬ್ದಕ್ಕೆ ಮಾಂಸಖಂಡವೆಂದು ಅರ್ಥ. ಅದು ಲ್ಯಾಟಿನ್ ಭಾಷೆಯ ಮುಸ್ಕುಲುಸ್ ಎಂಬುದರಿಂದ ಬಂದಿದೆ. ಚಿಕ್ಕ ಇಲಿ ಎಂಬುದೇ ಆ ಪದದ ಅವಯವಾರ್ಥ. ತೋಳನ್ನು ಮಡಿಸಿದಾಗ ಚರ್ಮದ ಕೆಳಗೆ ಮಾಂಸವು ಇಲಿಯಂತೆ ಸರಿದಾಡುವುದರಿಂದ ಈ ಹೆಸರು ಹುಟ್ಟಿತೆಂದು ಹೇಳುವರು. ಸಂಸ್ಕೃತದ ಮೂಷಿಕ ಶಬ್ದವೂ ಈ ಲ್ಯಾಟಿನ್ ಶಬ್ದವೂ ದಾಯಾದಿಗಳೆಂಬುದು ಭಾಷಾಶಾಸ್ತ್ರಜ್ಞರಿಗೆ ಸಮ್ಮತವಾದುದು. ಹೀಗಿರುವಲ್ಲಿ ಮೂಷಿಕವಾಹನ ಎಂಬ ಮಾತು ವಿನಾಯಕನೊಬ್ಬನಿಗೇ ಸಲ್ಲತಕ್ಕದ್ದೆಂದು ಇನ್ನು ಹೇಳುವಂತಿಲ್ಲ. ವಿನೋದವು ಹಾಗಿರಲಿ. ಲಕ್ಷಣವನ್ನು ಹೇಳುವುದಾದರೆ, ಮಧ್ಯಮ ಗಾತ್ರದ, ಎರಡು ಬಾಗಿಲುಗಳ, ಸಾಮಾನ್ಯ ಸಂಬಳದ ಯುವಕನೂ ಕೊಳ್ಳಬಹುದಾದ ಬೆಲೆಯ ಒಡಲಿನೊಳಗೆ, ಹಿರಿಯ ಕಾರಿಗೆಂದು ಮಾಡಿದ ಎಂಟು ಸಿಲಿಂಡರುಗಳ ದೊಡ್ಡ ಎಂಜಿನ್ನನ್ನು ಇಳಿಸಿದುದೇ ಮಸಲ್ ಕಾರು. ಫೋರ್ಡ್ ಕಂಪೆನಿಯ ಮಸ್ಟಾಂಗ್, ಷೆವ್ರೊಲೆ ವಿಭಾಗದ ಕಮಾರೊ ಮೊದಲಾದ ಚಿಕ್ಕ ಕಾರುಗಳನ್ನು ಪೋನಿ, ಎಂದರೆ ತಟ್ಟುಕುದುರೆ, ಎಂಬ ಬೇರೆ ವರ್ಗದಲ್ಲಿ ಎಣಿಸುವುದುಂಟು. ಆದರೆ ಅವುಗಳಲ್ಲಿಯೂ ದೊಡ್ಡ ಎಂಜಿನ್ ಇದ್ದವನ್ನು ಇಲ್ಲಿಗೆ ಸೇರಿಸಿಕೊಳ್ಳದಿದ್ದರೆ ಲಕ್ಷಣಕ್ಕೆ ಅವ್ಯಾಪ್ತಿದೋಷವು ಬರುವುದು.

ಈ ವಾಹನವು ಕಾರ್ಖಾನೆಯಲ್ಲಿ ಹುಟ್ಟುವುದಕ್ಕೆ ಮೊದಲೇ ಬೀದಿಯಲ್ಲಿ ಹುಟ್ಟಿದ್ದಿತು. 1932ರಲ್ಲಿ ಫೋರ್ಡ್ ಕಂಪೆನಿಯು ಸಾಮಾನ್ಯರ ಬೆಲೆಯ ಕಾರಿಗೆ ಎಂಟು ಸಿಲಿಂಡರುಗಳ ಎಂಜಿನ್ನನ್ನು ಕೊಟ್ಟಿತು. ದಕ್ಷಿಣ ಕ್ಯಾಲಿಫೋರ್ನಿಯದ ಹುಡುಗರು ಹಳೆಯ ಫೋರ್ಡ್ ಕಾರುಗಳನ್ನು ಅಗ್ಗವಾಗಿ ಕೊಂಡು, ಮಡ್‌ಗಾರ್ಡು ಮೊದಲಾದ ಭಾರವನ್ನು ಕಳಚಿ, ಎಂಜಿನ್ನನ್ನು ತಿದ್ದಿ, ಮುರಾಕ್, ಎಲ್ ಮಿರಾಜ್ ಎಂಬ ಬತ್ತಿದ ಸರೋವರಗಳ ಗಟ್ಟಿ ನೆಲದ ಮೇಲೆ ಓಡಿಸಿ ವೇಗವನ್ನು ಅಳೆಯುತ್ತಿದ್ದರು. 1937ರಲ್ಲಿ ಇವರ ಕೂಟಗಳೆಲ್ಲ ಒಂದುಗೂಡಿ ಸಂಘವನ್ನು ಕಟ್ಟಿಕೊಂಡುವು. ಇಂತಹ ಕಾರಿಗೆ ಹಾಟ್ ರಾಡ್ ಎಂಬ ಹೆಸರಾಯಿತು. ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ಸೈನಿಕರಲ್ಲಿ ಯಂತ್ರವಿದ್ಯೆಯನ್ನು ಕಲಿತುಬಂದವರು ಅನೇಕರಿದ್ದುದರಿಂದ ಈ ವಿನೋದವು ಇಮ್ಮಡಿಯಾಯಿತು. ರಾಬರ್ಟ್ ಪೀಟರ್ಸನ್ನನು 1948ರ ಜನವರಿಯಲ್ಲಿ ಹಾಟ್ ರಾಡ್ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದನು. ಅದರ ಸಂಪಾದಕನಾಗಿದ್ದ ವಾಲಿ ಪಾರ್ಕ್ಸನು, ಬೀದಿಯ ಪಂದ್ಯಗಳಿಂದ ಆಗುತ್ತಿದ್ದ ಅಪಾಯವನ್ನು ಕಂಡು, 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಸ್ಥಾಪಿಸಿ, ಕಾಲು ಮೈಲಿಯ ನೇರ ಹಾದಿಯಲ್ಲಿ ಇಬ್ಬಿಬ್ಬರಾಗಿ ಓಡಿಸುವ ಪಂದ್ಯಕ್ಕೆ ಕ್ರಮವನ್ನು ಏರ್ಪಡಿಸಿದನು.

ಕಾರ್ಖಾನೆಯವರು ಬೀದಿಯ ಹುಡುಗರಿಂದ ಪಾಠ ಕಲಿತರೆಂಬುದಕ್ಕೆ ಲಿಖಿತ ಸಾಕ್ಷ್ಯವೇ ಇದೆ. ಜೋರಾ ಆರ್ಕಸ್ ಡಂಟೊವ್ ಎಂಬ ಎಂಜಿನಿಯರು ತಾನೇ ಮೊದಲು ಫೋರ್ಡ್ ಎಂಜಿನ್ನಿಗೆ ಹೊಸ ತಲೆಗಟ್ಟನ್ನು ರಚಿಸಿ ಮಾರುತ್ತಿದ್ದವನು. ಅವನು 1953ರಲ್ಲಿ ಜನರಲ್ ಮೋಟರ್ಸ್ ಕಂಪೆನಿಯನ್ನು ಸೇರಿ, ಅದೇ ಡಿಸೆಂಬರಿನಲ್ಲಿ ಮೇಲಧಿಕಾರಿಗಳಿಗೆ ಒಂದು ಟಿಪ್ಪಣಿಯನ್ನು ಬರೆದನು. ಯುವಕರೆಲ್ಲರೂ ಫೋರ್ಡಿನ ವಿಷಯವನ್ನೇ ಓದುತ್ತ ಬೆಳೆಯುತ್ತಿರುವರು, ಷೆವ್ರೊಲೆ ಕಾರಿಗೂ ವೇಗದ ಬಿಡಿಭಾಗಗಳನ್ನು ಒದಗಿಸದಿದ್ದರೆ ಅವರು ಎಂದಿಗೂ ಇತ್ತ ತಿರುಗುವುದಿಲ್ಲವೆಂಬುದು ಅದರ ತಾತ್ಪರ್ಯ. 1955ರಲ್ಲಿ ಷೆವ್ರೊಲೆಯ 265 ಘನ ಅಂಗುಲಗಳ ಎಂಟು ಸಿಲಿಂಡರಿನ ಎಂಜಿನ್ ಬಂದಿತು. ಅದೇ ವರ್ಷ ಕ್ರೈಸ್ಲರ್ ಕಂಪೆನಿಯು 300 ಅಶ್ವಶಕ್ತಿಯ ಕಾರನ್ನು ಮಾರಿತು. ಕ್ರೈಸ್ಲರಿನ ತರುಣ ಎಂಜಿನಿಯರುಗಳಂತೂ ರಾಮ್‌ಚಾರ್ಜರ್ಸ್ ಎಂಬ ತಮ್ಮದೇ ಕೂಟವನ್ನು ಕಟ್ಟಿಕೊಂಡು, ಹಗಲು ಕಾರ್ಖಾನೆಯ ಕೆಲಸವನ್ನೂ ಬಿಡುವಿನಲ್ಲಿ ಪಂದ್ಯದ ಕೆಲಸವನ್ನೂ ಮಾಡುತ್ತಿದ್ದರು. ಇಂತಹವರಲ್ಲಿ ಕಾರ್ಖಾನೆಯ ಕರ್ತೃ ಎಲ್ಲಿ ಮುಗಿದು ಹವ್ಯಾಸಿ ಎಲ್ಲಿ ಆರಂಭವಾದನೆಂದು ಗೆರೆಯೆಳೆಯುವುದು ಕಷ್ಟ.

ಮಸಲ್ ಕಾರುಗಳಲ್ಲಿ ಮೊದಲನೆಯದೆಂದು ಬಹುಜನರು ಒಪ್ಪಿರುವ ಪಾಂಟಿಯಾಕ್ ಜಿ. ಟಿ. ಓ.ದ ಉತ್ಪತ್ತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. 1963ರ ಜನವರಿಯಲ್ಲಿ ಜನರಲ್ ಮೋಟರ್ಸಿನ ಆಡಳಿತವು ತನ್ನ ವಿಭಾಗಗಳೆಲ್ಲವೂ ಪಂದ್ಯಗಳಿಂದ ದೂರವಿರಬೇಕೆಂದು ಆಜ್ಞೆಮಾಡಿತು. ಮಧ್ಯಮ ಗಾತ್ರದ ಕಾರುಗಳಲ್ಲಿ ಸಿಲಿಂಡರುಗಳ ಒಟ್ಟು ಗಾತ್ರವು 330 ಘನ ಅಂಗುಲಗಳನ್ನು ಮೀರಕೂಡದೆಂಬ ಕಟ್ಟೂ ಆ ಕಂಪೆನಿಯಲ್ಲಿದ್ದಿತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರಾಗಿದ್ದ ಜಾನ್ ಡಿಲೋರಿಯನ್ನನೂ ಅವನ ಸಂಗಡಿಗರೂ ಹಿರಿಯ ಕಾರಿನ 389 ಘನ ಅಂಗುಲಗಳ ಎಂಜಿನ್ನು ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿನಲ್ಲಿ ಸುಲಭವಾಗಿ ಕೂಡುವುದೆಂದು ಕಂಡುಕೊಂಡರು. ಕಟ್ಟು ಹೊಸ ಮಾದರಿಗಳಿಗೆ ಅನ್ವಯಿಸುವುದೇ ಹೊರತು ಇರುವ ಮಾದರಿಗೆ ಗಿರಾಕಿಯು ಬಯಸಿ ಸೇರಿಸಿಕೊಳ್ಳುವ ಉಪಕರಣಗಳಿಗಲ್ಲವೆಂದು ಅರ್ಥಮಾಡಿ, ಸುಮಾರು 300 ಡಾಲರುಗಳಿಗೆ ದೊರೆಯುವ ಒಂದು ಉಪಕರಣಸಮೂಹವಾಗಿ ಅದನ್ನು 1964ರ ಮಾದರಿಗೆ ಸೇರಿಸಿದರು. ಮೀಮಾಂಸಕರು ವಿಧಿನಿಷೇಧಗಳ ವ್ಯಾಪ್ತಿಯನ್ನು ಸಂಕೋಚಮಾಡುವ ಬಗೆಯೂ ಇದಕ್ಕಿಂತ ಜಾಣ್ಮೆಯದೇನಲ್ಲ. ಐದು ಸಾವಿರ ಮಾರಾಟವಾದರೆ ಹೆಚ್ಚೆಂದು ಎಣಿಸಿದ್ದರು. ಮೊದಲ ವರ್ಷದಲ್ಲಿಯೇ 32,450 ಮಾರಾಟವಾದುವು.

ಜಿ. ಟಿ. ಓ.ದ ಕೀರ್ತಿಯನ್ನು ಹಬ್ಬಿಸಿದುದು ಕಾರ್ ಅಂಡ್ ಡ್ರೈವರ್ ಎಂಬ ಪತ್ರಿಕೆಯ 1964ರ ಮಾರ್ಚ್ ಸಂಚಿಕೆ. ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗಕ್ಕೆ 4.6 ಸೆಕೆಂಡುಗಳಲ್ಲಿ ಅದು ಏರಿತೆಂದು ಆ ಪತ್ರಿಕೆಯು ಬರೆಯಿತು. ಓದಿದವರು ಬೆರಗಾದರು. ಪಾಂಟಿಯಾಕಿನ ಪ್ರಚಾರವನ್ನು ನೋಡಿಕೊಳ್ಳುತ್ತಿದ್ದ ಜಿಮ್ ವ್ಯಾಂಗರ್ಸನು ಬಹುಕಾಲದ ಮೇಲೆ ನಿಜವನ್ನು ಬಾಯಿಬಿಟ್ಟನು. ಪರೀಕ್ಷೆಗೆ ಕಳುಹಿದ ಆ ವೇಗದ ಕಾರಿನಲ್ಲಿ 389ರ ಬದಲು 421 ಘನ ಅಂಗುಲಗಳ ಎಂಜಿನ್ನನ್ನು ಕೂಡಿಸಿದ್ದರಂತೆ. ಎಂದಮೇಲೆ, ಈ ಜಾತಿಯ ಕಾರಿನ ಕೀರ್ತಿಗೆ ಆಧಾರವಾದ ಮೊದಲ ಪ್ರತಿಯೇ ಪ್ರಕ್ಷಿಪ್ತಪಾಠವಾಗಿದ್ದಿತು. ಮೂಲರೂಪವಾದಿಗಳು ಇದನ್ನು ಅಷ್ಟಾಗಿ ನೆನೆಯುವುದಿಲ್ಲ.

ಆ ಕಾರನ್ನು ಸಿದ್ಧಗೊಳಿಸಿದವರು ಡೆಟ್ರಾಯಿಟಿನ ಬಳಿ ರಾಯಲ್ ಓಕ್ ಎಂಬ ಊರಿನಲ್ಲಿದ್ದ ರಾಯಲ್ ಪಾಂಟಿಯಾಕ್ ಎಂಬ ಮಾರಾಟಗಾರರು. ಬಾಬ್‌ಕ್ಯಾಟ್ ಎಂಬ ಹೆಸರಿನಲ್ಲಿ ಇವರು ಒಂದು ಸಂಸ್ಕಾರವನ್ನು ಮಾರುತ್ತಿದ್ದರು: ಕಿಡಿ ಹಾರುವ ಹೊತ್ತನ್ನು ತಿದ್ದುವುದು, ಎಂಜಿನ್ ತಲೆಯ ಕೆಳಗೆ ತೆಳುವಾದ ಗ್ಯಾಸ್ಕೆಟ್ಟನ್ನು ಇಡುವುದು, ಕಾರ್ಬುರೇಟರಿನ ರಂಧ್ರಗಳನ್ನು ದೊಡ್ಡದುಮಾಡುವುದು ಇತ್ಯಾದಿ. ಕಾರು ಕೊಂಡ ದಿನವೇ ಇದನ್ನು ಮಾಡಿಸಿಕೊಂಡು ಮನೆಗೆ ಹೋಗುವವರಿದ್ದರು. ಡೆಟ್ರಾಯಿಟಿನಿಂದ ಪಾಂಟಿಯಾಕ್ ಊರಿಗೆ ಹೋಗುವ ವುಡ್‌ವರ್ಡ್ ರಸ್ತೆಯಲ್ಲಿ ರಾತ್ರಿಯ ಹೊತ್ತು ಈ ಕಾರುಗಳ ಪಂದ್ಯಗಳು ನಡೆಯುತ್ತಿದ್ದುವು. ಕಾರ್ಖಾನೆಗಳ ಎಂಜಿನಿಯರುಗಳೂ ಅಲ್ಲಿಗೆ ಹೋಗಿ ತಮ್ಮ ಕೈಕೆಲಸವನ್ನು ಪರೀಕ್ಷಿಸುತ್ತಿದ್ದರೆಂಬುದು ಪ್ರಸಿದ್ಧ.

ಪೆನ್ಸಿಲ್ವೇನಿಯದ ಕ್ಯಾನನ್ಸ್‌ಬರ್ಗಿನಲ್ಲಿ ಡಾನ್ ಯೆಂಕೊ ಎಂಬ ಷೆವ್ರೊಲೆ ಮಾರಾಟಗಾರನು ಮಾಡಿದುದು ಇನ್ನೂ ವಿಚಾರಾರ್ಹವಾದುದು. ಕಂಪೆನಿಯ ಕಟ್ಟಿನಿಂದಾಗಿ ಕಮಾರೊ ಕಾರಿಗೆ 400 ಘನ ಅಂಗುಲಗಳನ್ನು ಮೀರಿದ ಎಂಜಿನ್ ಕಾರ್ಖಾನೆಯಿಂದ ದೊರೆಯುತ್ತಿರಲಿಲ್ಲ. ಯೆಂಕೊ 1967ರಲ್ಲಿ 396 ಘನ ಅಂಗುಲಗಳ ಹೊಸ ಕಮಾರೊ ಕಾರುಗಳನ್ನು ತರಿಸಿ, ಆ ಎಂಜಿನ್ನನ್ನು ಕಿತ್ತು, 427ನ್ನು ಕೂಡಿಸಿ ತನ್ನ ಹೆಸರಿನಲ್ಲಿ ಮಾರಿದನು. ಇಂದು ಆ ಕೆಲವೇ ಕಾರುಗಳಿಗೆ ಅಪಾರವಾದ ಬೆಲೆಯಿದೆ. ಇವುಗಳ ವಿಷಯದಲ್ಲಿ ಮೂಲರೂಪವಾದವನ್ನು ಅಕ್ಷರಶಃ ಆಚರಿಸಿ, ಕಾರ್ಖಾನೆಯು ಕೂಡಿಸಿದ್ದ ಎಂಜಿನ್ನನ್ನೇ ಹುಡುಕಿತಂದು ಮರಳಿ ಇಟ್ಟರೆ ಯೆಂಕೊ ಕಾರು ನಾಶವಾಗಿ ಸಾಧಾರಣ ಕಾರೊಂದು ಉಳಿಯುವುದು. ಕ್ಯಾರಲ್ ಷೆಲ್ಬಿಯು 1965ರಿಂದ ಮಸ್ಟಾಂಗುಗಳನ್ನು ತಿದ್ದಿ ಜಿ. ಟಿ. 350 ಎಂದು ಮಾರುವಾಗ ಫೋರ್ಡ್ ಕಂಪೆನಿಯ ಸಂಖ್ಯೆಯ ಮೇಲೆಯೇ ತನ್ನ ಸಂಖ್ಯೆಯ ಫಲಕವನ್ನು ಬಡಿದನು. ಹಳೆಯ ಬರಹದ ಮೇಲೆ ಹೊಸ ಬರಹವನ್ನು ಹೊತ್ತ ಪತ್ರದಂತಿರುವ ಈ ಕಾರುಗಳಲ್ಲಿ ಯಾವ ಪದರವು ಮೂಲ? ಮೇಲಿನದೇ ಎಂದು ಎಲ್ಲರೂ ಉತ್ತರಕೊಡುವರು. ಹಾಗಾದರೆ ತಿದ್ದಿದವನು ಪ್ರಸಿದ್ಧನಾದರೆ ತಿದ್ದುಪಡಿಯು ಮೂಲ, ಅಪ್ರಸಿದ್ಧನಾದರೆ ದೋಷ ಎಂದಂತಾಯಿತು.

ಪ್ಲಿಮತ್ ಸೂಪರ್‌ಬರ್ಡಿನ ಕಥೆ ಇದಕ್ಕೆ ವಿಪರೀತವಾದುದು. ಗಾಳಿಯನ್ನು ಸೀಳುವ ಚೂಪು ಮೂತಿಯನ್ನೂ ಹಿಂದೆ ಎತ್ತರವಾದ ರೆಕ್ಕೆಯನ್ನೂ ಹೊತ್ತ ಈ ಕಾರನ್ನು ಪಂದ್ಯದ ನಿಯಮಕ್ಕಾಗಿ 1970ರ ಮಾದರಿಯಾಗಿ ಎರಡು ಸಾವಿರದ ಹತ್ತಿರದಷ್ಟು ತಯಾರಿಸಿದರು. ವಿಚಿತ್ರಾಕಾರವನ್ನು ಕಂಡು ಗಿರಾಕಿಗಳು ಹಿಂಜರಿದುದರಿಂದ ಕೆಲವು ಮಾರಾಟಗಾರರು ಮೂತಿಯನ್ನೂ ರೆಕ್ಕೆಯನ್ನೂ ತೆಗೆದುಹಾಕಿ ಅದನ್ನು ಸಾಧಾರಣ ರೋಡ್ ರನ್ನರಿನ ರೂಪಕ್ಕೆ ತಂದು ಮಾರಿಕೊಂಡರು. ಕಳಚಿಹಾಕಿದ ಆ ಮೂತಿಗಳಿಗೆ ಈಗ ಎಷ್ಟು ಬೆಲೆಯೆಂಬುದನ್ನು ಹೇಳಬೇಕಾದುದಿಲ್ಲ.

ಈ ಜಾತಿಯ ಕಾರುಗಳ ಅವನತಿಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಯುವಕರ ಅಪಘಾತಗಳಿಂದ ವಿಮೆಯ ಹಣವು ಏರಿತು. 1970ರ ಡಿಸೆಂಬರ್ 31ರಂದು ವಾಯುಶುದ್ಧಿಯ ಕಾನೂನಿಗೆ ಅಂಕಿತವಾಯಿತು. ಸೀಸವು ಕಡಮೆಯಾದ ಪೆಟ್ರೋಲಿಗೆ ಒಗ್ಗುವಂತೆ ಜನರಲ್ ಮೋಟರ್ಸ್ 1971ರ ಎಂಜಿನ್ನುಗಳ ಒತ್ತಡವನ್ನು ತಗ್ಗಿಸಿತು. ಕ್ರೈಸ್ಲರಿನ 426 ಹೆಮಿ ಎಂಜಿನ್ ಅದೇ ವರ್ಷ ಬೀದಿಯ ಕಾರುಗಳಿಂದ ಮರೆಯಾಯಿತು. 1973ರ ಅಕ್ಟೋಬರಿನಲ್ಲಿ ಅರಬ ದೇಶಗಳು ಎಣ್ಣೆಯನ್ನು ತಡೆಹಿಡಿದುವು. 1974ರ ಮಾದರಿಯೊಡನೆ ಜಿ. ಟಿ. ಓ.ವೂ ಮುಗಿಯಿತು.

ಅನಂತರದ ಹತ್ತು ಹದಿನೈದು ವರ್ಷಗಳೇ ಈ ಚರಿತ್ರೆಯ ಕತ್ತಲೆಯ ಭಾಗ. ಗ್ಯಾಲನ್ನಿಗೆ ಹತ್ತು ಹನ್ನೆರಡು ಮೈಲಿ ಓಡುವ ಕಾರನ್ನು ಸಾಕುವವರು ಯಾರು? ಅವು ಗುಜರಿಯ ಬೆಲೆಗೆ ಇಳಿದುವು. ಶಾಲಾವಿದ್ಯಾರ್ಥಿಗಳು ಬೇಸಗೆಯ ಕೂಲಿಯಿಂದ ಅವನ್ನು ಕೊಂಡು ಓಡಿಸಿದರು. ಎಂಜಿನ್ ಸಿಡಿದರೆ ಸಿಕ್ಕಿದ ಇನ್ನೊಂದನ್ನು ಕೂಡಿಸಿದರು. ಉತ್ತರದ ಸಂಸ್ಥಾನಗಳಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು, ನೆಲದ ತಗಡನ್ನೂ ಹಿಂಚಕ್ರದ ಮೇಲಿನ ತಗಡನ್ನೂ ತಿಂದುಹಾಕಿತು. ಆ ಕಾಲದಲ್ಲಿ ಮೆರಗಿಗಾಗಿ ಮಾಡಿನ ಮೇಲೆ ಅಂಟಿಸುತ್ತಿದ್ದ ವೈನಿಲ್ ಹೊದಿಕೆಯು ನೀರನ್ನು ಹಿಡಿದಿಟ್ಟು ಒಳಗಿಂದ ತುಕ್ಕನ್ನು ಬೆಳೆಸಿತು. 1979ರಿಂದ 1985ರ ವರೆಗೆ ದೂರದರ್ಶನದಲ್ಲಿ ಪ್ರಸಾರವಾದ ಡ್ಯೂಕ್ಸ್ ಆಫ್ ಹ್ಯಾಜರ್ಡ್ ಎಂಬ ಕಥಾವಳಿಯೊಂದಕ್ಕಾಗಿಯೇ 1968, 1969ರ ಡಾಡ್ಜ್ ಚಾರ್ಜರುಗಳನ್ನು ನೂರಾರು ಸಂಖ್ಯೆಯಲ್ಲಿ ಹಾರಿಸಿ ಕೆಡಹಿದರೆಂದು ಹೇಳುವರು. ಆಗ ಅದನ್ನು ನಷ್ಟವೆಂದು ಬಗೆದವರು ವಿರಳ. ಓಲೆಯ ಕಟ್ಟುಗಳನ್ನು ಹೊಳೆಗೆ ಬಿಟ್ಟ ಮನೆತನಗಳ ಕಥೆಯನ್ನು ಕೇಳಿದವರಿಗೆ ಇದೇನೂ ಅಪೂರ್ವವೆಂದು ತೋರಲಾರದು.

ಬಾಲ್ಯದಲ್ಲಿ ಈ ಕಾರುಗಳನ್ನು ಬಯಸಿದವರ ಕೈಯಲ್ಲಿ ಹಣ ಸೇರಿದಾಗ ಜೀರ್ಣೋದ್ಧಾರದ ಕಾಲವು ಬಂದಿತು. ಬೆಲೆ ಏರಿದಂತೆಲ್ಲ ಪ್ರಮಾಣಗಳ ಅಪೇಕ್ಷೆಯೂ ಏರಿತು. ಈ ಪ್ರಮಾಣವಿಚಾರವು ನಿಜವಾಗಿಯೂ ಒಂದು ಶಾಸ್ತ್ರವಾಗಿ ಬೆಳೆದಿದೆ. ಪ್ರತಿಯೊಂದು ಕಾರಿಗೂ ಒಂದು ಸಂಖ್ಯೆಯುಂಟು. 1969ರ ಕಮಾರೊ ಒಂದರಲ್ಲಿ ಅದು 124379ಎನ್ ಎಂದು ಆರಂಭವಾಗಿ ಮುಂದೆ ಆರು ಅಂಕಗಳಿದ್ದರೆ, 1 ಎಂದರೆ ಷೆವ್ರೊಲೆ, 24 ಎಂದರೆ ಎಂಟು ಸಿಲಿಂಡರಿನ ಕಮಾರೊ, 37 ಎಂದರೆ ಎರಡು ಬಾಗಿಲಿನ ಮುಚ್ಚಿದ ಒಡಲು, 9 ಎಂದರೆ 1969, ಎನ್ ಎಂದರೆ ಒಹಾಯೊ ಸಂಸ್ಥಾನದ ನಾರ್‌ವುಡ್ ಕಾರ್ಖಾನೆ ಎಂದು ಬಿಡಿಸಬೇಕು. ಆದರೆ ದೊಡ್ಡ ಎಂಜಿನ್ ಇದ್ದಿತೋ ಇಲ್ಲವೋ ಎಂಬ ಮುಖ್ಯ ಸಂಗತಿಯನ್ನು ಈ ಸಂಖ್ಯೆಯು ಹೇಳುವುದಿಲ್ಲ. ಪಾಂಟಿಯಾಕಿನಲ್ಲಿಯೂ ಜಿ. ಟಿ. ಓ. ಎಂಬುದು ಪ್ರತ್ಯೇಕ ಮಾದರಿಯಾಗಿ ಸಂಖ್ಯೆಯಲ್ಲಿ ಕಾಣುವುದು 1966ರಿಂದ. ಹಿಂದಿನ ಎರಡು ವರ್ಷಗಳ ಕಾರುಗಳಿಗೆ ಕಂಪೆನಿಯ ಹಳೆಯ ದಾಖಲೆಗಳ ನಕಲೇ ಶರಣು. ಕ್ರೈಸ್ಲರ್ ಕಾರುಗಳಲ್ಲಿ ಬೇರೊಂದು ನಿಧಿಯುಂಟು. ಕಾರು ಕಟ್ಟುವ ಸಾಲಿನಲ್ಲಿ ಕೆಲಸಗಾರರಿಗೆ ಯಾವ ಭಾಗವನ್ನು ಕೂಡಿಸಬೇಕೆಂದು ತಿಳಿಸಲು ಸಂಕೇತಗಳನ್ನು ಮುದ್ರಿಸಿದ ಒಂದು ಹಾಳೆಯಿರುತ್ತಿದ್ದಿತು. ಕೆಲಸ ಮುಗಿದಮೇಲೆ ಅವರು ಅದನ್ನು ಆಸನದ ಸ್ಪ್ರಿಂಗುಗಳ ನಡುವೆಯೋ ಪೆಟ್ರೋಲ್ ತೊಟ್ಟಿಯ ಮೇಲೆಯೋ ಸಿಕ್ಕಿಸಿ ಬಿಟ್ಟುಬಿಡುತ್ತಿದ್ದರು. ಐವತ್ತು ವರ್ಷಗಳ ಮೇಲೆ ಇಲಿ ಕಡಿದ ಆ ಹಾಳೆಯು ಆಸನದೊಳಗೆ ಸಿಕ್ಕಿದರೆ, ಕವಿಯ ಕಾಲದೇಶಗಳನ್ನು ತಿಳಿಸುವ ಕೊನೆಯ ಪದ್ಯವು ದೊರೆತ ಸಂಪಾದಕನಿಗಾಗುವ ಹರ್ಷವೇ ಅದನ್ನು ಕಂಡವನಿಗೂ ಆಗುವುದು.

ಎಂಜಿನ್ನಿನ ಮೇಲೆ ಬೇರೆ ಬರಹಗಳಿವೆ. ಜನರಲ್ ಮೋಟರ್ಸಿನ ಎರಕದ ಮೇಲೆ ತಿಂಗಳಿಗೆ ಒಂದು ಅಕ್ಷರವೂ ದಿನಕ್ಕೆ ಅಂಕವೂ ವರ್ಷದ ಕೊನೆಯ ಅಂಕವೂ ಉಬ್ಬಾಗಿ ಬಂದಿರುತ್ತವೆ. ಸಿ 12 9 ಎಂದಿದ್ದರೆ 1969ರ ಮಾರ್ಚ್ 12 ಎಂದು ತಿಳಿಯಬೇಕು. ಫೆಬ್ರವರಿಯಲ್ಲಿ ಕಟ್ಟಿದ ಕಾರಿನೊಳಗೆ ಮಾರ್ಚಿನಲ್ಲಿ ಎರಕಹೊಯ್ದ ಎಂಜಿನ್ ಇದ್ದರೆ ಕಾಲವಿರೋಧವು ಸ್ಪಷ್ಟ. ಕಾರಿನ ಸಂಖ್ಯೆಯ ಒಂದು ಭಾಗವನ್ನು ಎಂಜಿನ್ನಿನ ಮೇಲೂ ಒತ್ತಿರುವುದುಂಟು. ಎರಡೂ ಹೊಂದಿದರೆ ಬೆಲೆ ಬಹಳವಾಗಿ ಏರುವುದು. ಬೆಲೆ ಏರುವಲ್ಲಿ ಕೂಟಶಾಸನವೂ ಹುಟ್ಟುವುದು ಸಹಜ. ಹಳೆಯ ಅಂಕಗಳನ್ನು ಉಜ್ಜಿ ಹೊಸದನ್ನು ಒತ್ತುವವರಿದ್ದಾರೆ. ಆದರೆ ಕಾರ್ಖಾನೆಯ ಯಂತ್ರವು ಆ ಜಾಗವನ್ನು ಸಮಮಾಡುವಾಗ ನವುರಾದ ಸಮಾಂತರ ಗೆರೆಗಳನ್ನು ಬಿಟ್ಟಿರುವುದು. ಉಜ್ಜಿದರೆ ಅವು ಹೋಗುವುವು. ಪರೀಕ್ಷಕರು ಅಂಕಗಳನ್ನು ನೋಡುವುದಕ್ಕೆ ಮೊದಲು ಗೆರೆಗಳನ್ನು ನೋಡುವರು. ತಾಮ್ರಶಾಸನದ ಸತ್ಯಾಸತ್ಯವನ್ನು ಅದರ ವಿಷಯಕ್ಕಿಂತ ಮೊದಲು ಅದರ ಲಿಪಿಯಿಂದ ನಿರ್ಣಯಿಸುವ ಕ್ರಮವೂ ಇದೇ.

1971ರಲ್ಲಿ ಮಾಡಿದ, ಹೆಮಿ ಎಂಜಿನ್ನಿನ, ಮಡಿಸುವ ಮಾಡಿನ ಪ್ಲಿಮತ್ ಬ್ಯಾರಕೂಡಾಗಳು ಒಂದು ಡಜನ್ನನ್ನು ಮೀರವು. ಅವುಗಳಲ್ಲೊಂದು 2014ರ ಜೂನಿನಲ್ಲಿ ಸಿಯಾಟಲಿನ ಹರಾಜಿನಲ್ಲಿ 35 ಲಕ್ಷ ಡಾಲರುಗಳಿಗೆ ಹೋಯಿತು. ಹೊಸದಾಗಿದ್ದಾಗ ಇದಕ್ಕಿಂತ ಸಾಧಾರಣವಾದ ರೋಡ್ ರನ್ನರಿನ ಆರಂಭದ ಬೆಲೆ 3,000 ಡಾಲರಿಗಿಂತಲೂ ಕಡಮೆಯಾಗಿದ್ದಿತೆಂಬುದನ್ನು ನೆನೆದರೆ, ಆ ಚಿಕ್ಕ ಅಂಕಗಳ ಮೇಲೆ ಎಷ್ಟು ಭಾರವು ನಿಂತಿದೆಯೆಂಬುದು ಗೊತ್ತಾಗುವುದು.

ನಿಷ್ಠಾವಂತರ ಜೀರ್ಣೋದ್ಧಾರವು ಸಾಮಾನ್ಯವಾದ ಸಾಧನೆಯಲ್ಲ. ಒಡಲನ್ನು ಪೂರ್ತಿಯಾಗಿ ಕಳಚಿ, ಉದ್ದಕ್ಕೂ ತಿರುಗಿಸಬಹುದಾದ ಚೌಕಟ್ಟಿಗೆ ಏರಿಸಿ, ಹಳೆಯ ಬಣ್ಣವನ್ನು ಕೆರೆದು, ತುಕ್ಕುಹಿಡಿದ ತಗಡನ್ನು ಕತ್ತರಿಸಿ ಹೊಸದನ್ನು ಬೆಸುಗೆಹಾಕುವರು. ಮರಳನ್ನು ಜೋರಾಗಿ ಊದಿ ಬಣ್ಣ ತೆಗೆದರೆ ತೆಳ್ಳನೆಯ ತಗಡು ಸೊಟ್ಟಾಗುವುದರಿಂದ ಮೃದುವಾದ ಪುಡಿಗಳನ್ನು ಬಳಸುವರು. ಜನರಲ್ ಮೋಟರ್ಸ್ ಆಗ ಬಳಿಯುತ್ತಿದ್ದುದು ಅಕ್ರಿಲಿಕ್ ಲ್ಯಾಕರ್ ಬಣ್ಣ. ಈಚಿನ ಎರಡು ಪದರದ ಬಣ್ಣಕ್ಕೆ ಹೊಳಪು ಅದಕ್ಕಿಂತ ಹೆಚ್ಚು. ಆದಕಾರಣ ಹೆಚ್ಚು ಚೆನ್ನಾಗಿ ಹೊಳೆಯುವುದೂ ಪಾಠದೋಷವೆನಿಸುತ್ತದೆ. ಕಾರ್ಖಾನೆಯಲ್ಲಿ ಪರೀಕ್ಷಕನು ಅವಸರದಲ್ಲಿ ಎಳೆದ ಸೀಮೆಸುಣ್ಣದ ಗೀಟು, ಬಣ್ಣದ ಚುಕ್ಕೆ, ಬಾನೆಟ್ಟಿನ ಕೆಳಗೆ ಸಿಡಿದ ಕಪ್ಪು ಬಣ್ಣದ ಹನಿ ಇವುಗಳನ್ನೂ ಹಳೆಯ ಛಾಯಾಚಿತ್ರಗಳನ್ನು ನೋಡಿ ಇದ್ದ ಜಾಗದಲ್ಲಿಯೇ ಮರಳಿ ಬರೆಯುವರು. ಲಿಪಿಕಾರನ ಕೈತಪ್ಪನ್ನು ಕೂಡ ತಿದ್ದದೆ ಉಳಿಸುವ ಸಂಪಾದಕನ ನಿಷ್ಠೆಯಿದು. ಆದರೆ ಒಂದು ಭೇದವುಂಟು. ಸಂಪಾದಕನು ಉಳಿಸುವನು, ಇವರು ಅಳಿಸಿ ಮತ್ತೆ ಬರೆಯುವರು.

ಈ ಭೇದದಲ್ಲಿಯೇ ಪ್ರಕೃತ ವಿಷಯದ ಮರ್ಮವಿದೆ. ಮೊದಲನೆಯ ದಿನದ ರೂಪವನ್ನು ತರಬೇಕಾದರೆ ಎರಡನೆಯ ದಿನದಿಂದ ಕೂಡಿಬಂದ ಎಲ್ಲವನ್ನೂ ತೆಗೆದುಹಾಕಬೇಕಾಗುತ್ತದೆ. ಕೊಂಡವನು ಮೊದಲ ವಾರದಲ್ಲಿಯೇ ಕೂಡಿಸಿದ ಹರ್ಸ್ಟ್ ಗೇರುಕೋಲು, ಕ್ರೇಗರ್ ಕಂಪೆನಿಯ ಹೊಳೆಯುವ ಚಕ್ರಗಳು, ಎಡೆಲ್‌ಬ್ರಾಕರ ಗಾಳಿನಾಳ, ಪಂದ್ಯಕ್ಕಾಗಿ ಹಿಂಚಕ್ರದ ಮುಂದೆ ಬಿಗಿದ ಕಬ್ಬಿಣದ ಪಟ್ಟಿ, ಇವೆಲ್ಲ ಜೀರ್ಣೋದ್ಧಾರಕರ ಅಂಗಳದಲ್ಲಿ ಕಸವಾದುವು. 1963ರಲ್ಲಿಯೇ ಇಂತಹ ವೇಗದ ಉಪಕರಣಗಳ ತಯಾರಕರಿಗೆ ಒಂದು ಸಂಘವೇ ಏರ್ಪಟ್ಟಿದ್ದಿತೆಂದರೆ ಅವು ಎಷ್ಟು ಬಳಕೆಯಲ್ಲಿದ್ದುವೆಂಬುದನ್ನು ಊಹಿಸಬಹುದು. ಓಡಿಸುವುದಕ್ಕೆಂದೇ ಕೊಂಡ ಹುಡುಗನು ಕಾರನ್ನು ಕಾರ್ಖಾನೆ ಕೊಟ್ಟಂತೆಯೇ ಇಟ್ಟುಕೊಂಡುದು ಅಪರೂಪ. ಎಂದಮೇಲೆ ಒಂದು ಚುಕ್ಕೆಯೂ ತಪ್ಪದಂತೆ ನಿಲ್ಲಿಸಿದ ಕಾರು ಕಾರ್ಖಾನೆಯ ಚರಿತ್ರೆಗೆ ಪ್ರಮಾಣವೇ ಹೊರತು ಬೀದಿಯ ಚರಿತ್ರೆಗೆ ಪ್ರಮಾಣವಲ್ಲ. ವ್ಯಾಖ್ಯಾನವನ್ನೆಲ್ಲ ಕೆರೆದುಹಾಕಿ ಸೂತ್ರವನ್ನು ಮಾತ್ರ ಉಳಿಸಿದ ಓಲೆಯಂತೆ ಅದು ಶುದ್ಧವಾಗಿಯೂ ಮೂಕವಾಗಿಯೂ ಇರುವುದು.

ಹಾಗೆಂದು ಮಾರ್ಪಡಿಸುವವರ ಪಕ್ಷವು ನಿರ್ದುಷ್ಟವೆಂದಲ್ಲ. 1970ರ ದಶಕದ ಕೊನೆಯಲ್ಲಿ ಹಿಂದೆ ಅತಿ ಅಗಲವಾದ ಟೈರುಗಳನ್ನು ಕೂಡಿಸಲು ನೆಲವನ್ನೂ ಚೌಕಟ್ಟನ್ನೂ ಕತ್ತರಿಸುವ ಪ್ರೋ ಸ್ಟ್ರೀಟ್ ಎಂಬ ರೀತಿಯು ಹಬ್ಬಿ, ಸರಿಯಾಗಿದ್ದ ಎಷ್ಟೋ ಒಡಲುಗಳು ಮರಳಿ ಬಾರದಂತೆ ಕೆಟ್ಟುವು. 1990ರ ದಶಕದಲ್ಲಿ ಬೆಳೆದ ಪ್ರೋ ಟೂರಿಂಗ್ ಎಂಬ ರೀತಿಗೆ ಇದಕ್ಕಿಂತ ಸಮರ್ಥನೆಯುಂಟು. ಆ ಕಾಲದ ಕಾರುಗಳು ನೇರವಾಗಿ ಓಡುತ್ತಿದ್ದುವು, ತಿರುಗುವುದರಲ್ಲಿಯೂ ನಿಲ್ಲುವುದರಲ್ಲಿಯೂ ದುರ್ಬಲ. 300 ಅಶ್ವಶಕ್ತಿಯ ಕಾರನ್ನು ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕುಗಳನ್ನಿಟ್ಟು ಮಾರುತ್ತಿದ್ದುದು ಈಗ ಭಯಂಕರವಾಗಿ ಕಾಣುವುದು. ಡಿಸ್ಕ್ ಬ್ರೇಕುಗಳನ್ನು ಕೂಡಿಸುವುದನ್ನು, ತೋಳಿನ ಜೋಡಣೆಗಳನ್ನು ತಿದ್ದುವುದನ್ನು, 1997ರಲ್ಲಿ ಕಾರ್ವೆಟ್ ಕಾರಿನೊಡನೆ ಬಂದ ಎಲ್. ಎಸ್. ಎಂಬ ಹಗುರವಾದ ಎಂಜಿನ್ ವರ್ಗವನ್ನು ಇಳಿಸುವುದನ್ನು, ಡಂಟೊವ್ ಮತ್ತು ವ್ಯಾಂಗರ್ಸರ ಕಾಲದ ಹುಡುಗನು ಕಂಡಿದ್ದರೆ ಒಡನೆಯೇ ಅರ್ಥಮಾಡಿಕೊಳ್ಳುತ್ತಿದ್ದನು. ಅವನು ಮಾಡುತ್ತಿದ್ದುದೂ ಅದನ್ನೇ. ಸೀಸದ ಪೆಟ್ರೋಲನ್ನು ರಸ್ತೆಯ ವಾಹನಗಳಿಗೆ ಮಾರುವುದು 1996ರಿಂದ ಪೂರ್ತಿಯಾಗಿ ನಿಷಿದ್ಧವಾದಮೇಲೆ ಹಳೆಯ ಎಂಜಿನ್ನುಗಳ ವಾಲ್ವುಗಳ ಪೀಠಗಳನ್ನು ಗಟ್ಟಿಮಾಡಿಸಿಕೊಂಡ ಮೂಲರೂಪವಾದಿಗಳೂ ಅನೇಕರಿರುವರು. ಮಾರ್ಪಾಡಿಲ್ಲದೆ ಅವರಿಗೂ ನಡೆಯಲಿಲ್ಲ. ಸಾವಿರಾರು ಸಂಖ್ಯೆಯಲ್ಲಿ ಉಳಿದಿರುವ ಸಾಧಾರಣ ಕಾರಿಗೆ, ಬೇಕಾದಾಗ ಹಿಂದಕ್ಕೆ ತರಬಹುದಾದಂತೆ ಮಾಡಿದ ಮಾರ್ಪಾಡನ್ನು ನಿಂದಿಸಲು ಕಾರಣವಿಲ್ಲ. ಬೆರಳೆಣಿಕೆಯ ಪ್ರತಿಗಳಲ್ಲಿ ಒಂದಕ್ಕೆ ಗರಗಸವನ್ನು ಇಡುವುದು ಮಾತ್ರ ಅಕ್ಷಮ್ಯ.

ಇನ್ನೊಂದು ತೊಡಕು ಈಚೆಗೆ ಬಂದಿದೆ. ಡೈನಾಕಾರ್ನ್ ಎಂಬ ಸಂಸ್ಥೆಯು ಮೊದಲ ತಲೆಮಾರಿನ ಕಮಾರೊ, ಮಸ್ಟಾಂಗುಗಳ ಒಡಲನ್ನೇ ಹೊಸ ಉಕ್ಕಿನಲ್ಲಿ ಪೂರ್ತಿಯಾಗಿ ಮಾಡಿ ಮಾರುತ್ತಿದೆ. ಉಳಿದ ಭಾಗಗಳೂ ಬಹುಮಟ್ಟಿಗೆ ಹೊಸದಾಗಿ ದೊರೆಯುವುವು. ತುಕ್ಕು ತಿಂದ ಹಳೆಯ ಕಾರಿನಿಂದ ಸಂಖ್ಯೆಯ ಫಲಕವನ್ನು ತೆಗೆದು ಹೊಸ ಒಡಲಿಗೆ ಇಟ್ಟರೆ ಆ ಕಾರು ಹಳೆಯದೋ ಹೊಸದೋ? ಮಿಲಿಂದಪ್ರಶ್ನದಲ್ಲಿ ನಾಗಸೇನನು ಅರಸನಿಗೆ ಕೇಳಿದುದು ರಥದ ವಿಷಯದಲ್ಲಿ ಇದೇ ಪ್ರಶ್ನೆ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಭಾಗಗಳ ಕೂಟಕ್ಕೆ ವ್ಯವಹಾರದಲ್ಲಿ ರಥವೆಂಬ ಹೆಸರು ಎಂಬುದೇ ಅಲ್ಲಿಯ ಸಿದ್ಧಾಂತ. ಅಮೆರಿಕದ ಕಾನೂನು ಈ ಸಿದ್ಧಾಂತವನ್ನು ಒಪ್ಪುವುದಿಲ್ಲ. ಅದಕ್ಕೆ ಸಂಖ್ಯೆಯ ಫಲಕವೇ ಆತ್ಮ, ಅದನ್ನು ಕದಲಿಸುವುದು ಅಪರಾಧ. ಕಳ್ಳಮಾಲನ್ನು ತಡೆಯಲು ಮಾಡಿದ ಈ ಕಟ್ಟಿನಿಂದ ನಿರಪರಾಧಿಗಳಿಗೆ ಕಷ್ಟವಾದುದೂ ಉಂಟು. ಕನ್ಸಾಸ್ ಸಂಸ್ಥಾನದಲ್ಲಿ ಜೀರ್ಣೋದ್ಧಾರವಾದ 1959ರ ಕಾರ್ವೆಟ್ ಒಂದನ್ನು ಕೊಂಡವನು 2017ರಲ್ಲಿ ದಾಖಲೆಗೆ ತಂದಾಗ, ಹಿಂದೆ ಯಾರೋ ರಿಪೇರಿಗಾಗಿ ಫಲಕವನ್ನು ತೆಗೆದು ಮತ್ತೆ ಬಡಿದಿದ್ದರೆಂಬ ಕಾರಣದಿಂದ ಕಾರನ್ನು ಮುಟ್ಟುಗೋಲು ಹಾಕಿಕೊಂಡರು. ವರ್ಷಗಟ್ಟಲೆ ವ್ಯಾಜ್ಯವು ನಡೆದಮೇಲೆ 2022ರಲ್ಲಿ ಅಲ್ಲಿಯ ಶಾಸನಸಭೆಯು ಕಾನೂನನ್ನು ತಿದ್ದಬೇಕಾಯಿತು.

ಈಚಿನ ವರ್ಷಗಳಲ್ಲಿ ಮೂಲರೂಪವಾದಿಗಳಲ್ಲಿಯೇ ಒಂದು ಪರಿವರ್ತನೆಯು ಕಾಣುತ್ತಿದೆ. ಕೊಂಡವನು ಆಗಿನ ಕಾಲದಲ್ಲಿಯೇ ಮಾಡಿದ ಮಾರ್ಪಾಡುಗಳನ್ನು ಹಾಗೆಯೇ ಉಳಿಸಿದ, ಅಥವಾ ಆ ಕಾಲದ ಉಪಕರಣಗಳಿಂದಲೇ ಮತ್ತೆ ಕೂಡಿಸಿದ ಕಾರುಗಳನ್ನು ಡೇ ಟೂ, ಎಂದರೆ ಎರಡನೆಯ ದಿನದ, ಕಾರುಗಳೆಂದು ಕರೆದು ಪ್ರದರ್ಶನಗಳಲ್ಲಿ ಅವಕ್ಕೂ ಸ್ಥಾನವನ್ನು ಕೊಡುತ್ತಿರುವರು. ಹಳೆಯ ಬಣ್ಣವೂ ಸವೆದ ಆಸನವೂ ಇರುವಂತೆಯೇ ಉಳಿದ, ಯಾರೂ ಕೈಯಿಡದ ಕಾರುಗಳನ್ನು ಇಲಿನಾಯಿಯ ಬ್ಲೂಮಿಂಗ್ಟನ್ ಗೋಲ್ಡ್ ಎಂಬ ಕಾರ್ವೆಟ್ ಪ್ರದರ್ಶನವು 1990ರಷ್ಟು ಹಿಂದೆಯೇ ಪ್ರತ್ಯೇಕವಾಗಿ ಗೌರವಿಸಲು ಆರಂಭಿಸಿದ್ದಿತು. ಮೂಲರೂಪವು ಹೇಗಿದ್ದಿತೆಂದು ಜೀರ್ಣೋದ್ಧಾರಕರು ಕೊನೆಗೆ ಕೇಳಬೇಕಾದುದೂ ಇಂತಹ ಕಾರುಗಳನ್ನೇ. ಒಂದೊಂದನ್ನೂ ಹೊಸದುಮಾಡಿದಂತೆಲ್ಲ ಕೇಳತಕ್ಕ ಸಾಕ್ಷಿಗಳು ಒಂದೊಂದಾಗಿ ಕಡಮೆಯಾಗುತ್ತವೆ.

ಬುಲಿಟ್ ಎಂಬ 1968ರ ಚಲಚ್ಚಿತ್ರದಲ್ಲಿ ನಟ ಸ್ಟೀವ್ ಮೆಕ್ವೀನನು ಸ್ಯಾನ್ ಫ್ರಾನ್ಸಿಸ್ಕೊ ನಗರದ ಏರಿಳಿತದ ಬೀದಿಗಳಲ್ಲಿ ಓಡಿಸಿದ ಹಸುರು ಬಣ್ಣದ ಮಸ್ಟಾಂಗ್ ಒಂದಿದ್ದಿತು. ಚಿತ್ರ ಮುಗಿದಮೇಲೆ ಅದು ಕೈಯಿಂದ ಕೈಗೆ ಹೋಗಿ, 1974ರಲ್ಲಿ ಪೂರ್ವತೀರದ ಒಂದು ಕುಟುಂಬಕ್ಕೆ ಸೇರಿ, ಕೆಲವು ವರ್ಷ ದಿನನಿತ್ಯದ ಓಡಾಟಕ್ಕೆ ಬಳಕೆಯಾಯಿತು. ಮೆಕ್ವೀನನು 1977ರಲ್ಲಿ ಕಾಗದ ಬರೆದು ಕಾರನ್ನು ತನಗೆ ಕೊಡಬೇಕೆಂದು ಕೇಳಿದನು, ಅವರು ಕೊಡಲಿಲ್ಲ. 1980ರಲ್ಲಿ ಕ್ಲಚ್ಚು ಕೆಟ್ಟು ಅದು ಮೂಲೆ ಸೇರಿತು. 2018ರ ಜನವರಿಯಲ್ಲಿ ಡೆಟ್ರಾಯಿಟಿನ ಪ್ರದರ್ಶನದಲ್ಲಿ ಲೋಕವು ಅದನ್ನು ಮತ್ತೆ ಕಂಡಿತು. ಓಡುವಂತೆ ಮಾಡುವುದಕ್ಕೆ ಬೇಕಾದಷ್ಟು ಕೆಲಸವನ್ನು ಮಾತ್ರ ಮಾಡಿಸಿದ್ದರು. ಬಣ್ಣ ಮಾಸಿದ್ದಿತು, ತಗಡಿನಲ್ಲಿ ತುಕ್ಕೂ ನಗ್ಗುಗಳೂ ಇದ್ದುವು. ಛಾಯಾಗ್ರಹಣದ ಯಂತ್ರಗಳನ್ನು ನಿಲ್ಲಿಸಲು ಚಿತ್ರ ತೆಗೆದವರು ಒಡಲಿನ ಕೆಳಗೆ ಬೆಸೆದ ಕಬ್ಬಿಣದ ಕೊಳವೆಗಳು ಹಾಗೆಯೇ ಇದ್ದುವು. ಅವು ಫೋರ್ಡ್ ಕಾರ್ಖಾನೆಯವಲ್ಲ. ಮೊದಲನೆಯ ದಿನದ ರೂಪಕ್ಕೆ ತರುವ ಯಾವ ಶಿಲ್ಪಿಯಾದರೂ ಮೊದಲು ಕತ್ತರಿಸಿಹಾಕತಕ್ಕವು ಅವೇ. 2020ರ ಜನವರಿಯಲ್ಲಿ ಫ್ಲಾರಿಡದ ಕಿಸ್ಸಿಮ್ಮಿಯಲ್ಲಿ ಆ ಕಾರನ್ನು ಹರಾಜಿಗೆ ಇಟ್ಟಾಗ ಕೂಗು 34 ಲಕ್ಷ ಡಾಲರುಗಳಿಗೆ ನಿಂತಿತು. ಕೊಳವೆಗಳು ಆಗಲೂ ಅದರ ಒಡಲಿಗೆ ಅಂಟಿಕೊಂಡಿದ್ದುವು.